ಎಡ ರೆಕ್ಕೆಯ ಏಳು ಪಕ್ಕೆಲುಬು

ಗಂಟು ಹಾಕಿದ್ದೇನೆ ಎಂದೆ. ಹಾಕಿರಲಿಲ್ಲ.

ಈ ಎರಡು ವಾಕ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಚಂದ್ರಣ್ಣ ತಮ್ಮ ಕೈಯಾರೆ ಕಟ್ಟಿದ ವಿಮಾನ ಭದ್ರಾ ಹಿನ್ನೀರಿನ ಬಯಲಲ್ಲಿ ಬಿದ್ದದ್ದು ನನ್ನ ಹೊಲಿಗೆಯಿಂದ. ಅವರ ಲೆಕ್ಕದಿಂದ ಅಲ್ಲ, ಎಂಜಿನ್ನಿನಿಂದ ಅಲ್ಲ, ಗಾಳಿಯಿಂದಂತೂ ಅಲ್ಲವೇ ಅಲ್ಲ. ತಪ್ಪು ತಮ್ಮದೇ ಎಂದು ಅವರು ನಂಬಿದರು, ನಾನು ನಂಬಲು ಬಿಟ್ಟೆ. ಬಿಟ್ಟೆ ಅಂದರೆ — ಬರೀ ಬಾಯಿ ಮುಚ್ಚಿಕೊಂಡು ಕೂತದ್ದಲ್ಲ, ಅವರು ಹಾಗೆ ನಂಬುವುದಕ್ಕೆ ಬೇಕಾದ ಕೆಲಸವನ್ನೂ ಮಾಡಿದೆ. ಅದನ್ನೂ ಹೇಳುತ್ತೇನೆ.

ಕೊಪ್ಪದ ಪೇಟೆಯಲ್ಲಿ ನನ್ನದೊಂದು ಅಂಗಡಿಯಿದೆ. ಜೀಪಿನ ಹುಡ್, ಸೀಟು, ಲಾರಿಯ ಟಾರ್ಪಾಲು ಹೊಲಿಯುತ್ತೇನೆ. ಅಪ್ಪನ ಅಂಗಡಿ, ಅವರು ಹೋದ ಮೇಲೆ ನನ್ನ ಪಾಲಿಗೆ ಬಂತು. ಹೆಂಗಸು ಹುಡ್ ಹೊಲಿಯುತ್ತಾಳಂತೆ ಎಂದು ಮೊದಮೊದಲು ಜನ ನಕ್ಕರು. ಒಂದು ಮಳೆಗಾಲ ಕಳೆದು ಕುತ್ತಿಗೆಗೆ ಹನಿ ನೀರೂ ಇಳಿಯದಿದ್ದಾಗ ನಗುವುದನ್ನು ನಿಲ್ಲಿಸಿದರು. ಗಿರಿಜಾಳ ಹೊಲಿಗೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ ಎಂದು ಜೀಪಿನವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೇಡದ ನೂರು ಮಾತಿಗೆ ಬಿಚ್ಚಿಕೊಳ್ಳುವ ಈ ಬಾಯಿ, ಬೇಕಾದ ಒಂದು ಮಾತಿಗೆ ಮಾತ್ರ ಬೀಗ ಹಾಕಿಕೊಂಡಿತ್ತು ಎಂಬುದು ಅವರಿಗೇನು ಗೊತ್ತು.

ಚಂದ್ರಣ್ಣನ ಮನೆ ನರಸಿಂಹರಾಜಪುರದ ಕಡೆ, ಮುತ್ತಿನಕೊಪ್ಪದಿಂದ ಸ್ವಲ್ಪ ಒಳಗೆ. ಸೇನೆಯಲ್ಲಿ ವಿಮಾನಗಳ ಮೆಕ್ಯಾನಿಕ್ ಆಗಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವರು. ಬಂದವರು ಎಲ್ಲರ ಹಾಗೆ ತೋಟ, ಗದ್ದೆ ಎಂದು ಇರಬಹುದಿತ್ತು. ಇರಲಿಲ್ಲ. ಹಿಮದ ಗುಡ್ಡಗಳ ಕಡೆ ಕೆಲಸ ಮಾಡುತ್ತಿದ್ದಾಗ ಕಂಡ ಒಂದು ಸಂಗತಿ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಅಲ್ಲಿನ ರಸ್ತೆಯಿಲ್ಲದ ಊರುಗಳಿಗೆ ಸಣ್ಣ ವಿಮಾನಗಳಲ್ಲಿ ಸಾಮಾನು ಹೋಗುತ್ತದಂತೆ. ಅಕ್ಕಿ, ಸೀಮೆಎಣ್ಣೆ ಸಲೀಸಾಗಿ ಹೋಗುತ್ತವೆ. ನೀರಿನ ಟ್ಯಾಂಕು ಹೋಗುವುದಿಲ್ಲ. ಸೂರಿನ ಶೀಟು ಹೋಗುವುದಿಲ್ಲ. ಮಂಚ ಹೋಗುವುದಿಲ್ಲ. ಬೆನ್ನು ಮುರಿದುಕೊಂಡ ಹೆಂಗಸೊಬ್ಬಳನ್ನು ಮಲಗಿಸಿ ಒಯ್ಯಲಾಗದೆ, ಸೀಟಿಗೆ ಕಟ್ಟಿ ಕೂರಿಸಿ ಕೆಳಗಿಳಿಸಿದ್ದನ್ನು ಅವರು ಕಣ್ಣಾರೆ ನೋಡಿದ್ದರು.

“ತೂಕ ಹೊರ್ತದೆ ಗಿರಿಜಾ, ಬಾಗಿಲಲ್ಲಿ ಹಿಡಿಯೋದಿಲ್ಲ,” ಎನ್ನುತ್ತಿದ್ದರು. “ಅದಕ್ಕೆ ನಾನು ಮೊದಲು ಬಾಗಿಲು ಮಾಡಿದೆ. ಆಮೇಲೆ ಅದರ ಸುತ್ತ ವಿಮಾನ.”

ನಿಜವಾಗಿಯೂ ಹಾಗೆಯೇ ಮಾಡಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಮಂಚವಿಟ್ಟು, ಅದರ ಮೇಲೆ ಮಲಗಿದ ಮನುಷ್ಯನ ಅಳತೆ ಹಿಡಿದು, ಪಕ್ಕದಲ್ಲಿ ಇನ್ನೊಬ್ಬ ಕೂರುವಷ್ಟು ಜಾಗ ಬಿಟ್ಟು, ಅಷ್ಟು ಅಗಲದ ಹೊಟ್ಟೆಯನ್ನು ಅಲ್ಯೂಮಿನಿಯಂ ಕೊಳವೆಗಳಲ್ಲಿ ಕಟ್ಟಿದ್ದರು. ಬಾಲ ಎತ್ತರದಲ್ಲಿ, ಅದರ ಕೆಳಗೆ ಗೂಡ್ಸ್ ಗಾಡಿಯ ಹಿಂಬಾಗಿಲಿನ ಹಾಗೆ ತೆರೆದುಕೊಳ್ಳುವ ಬಾಗಿಲು. ಮೇಲೆ ಉದ್ದನೆಯ ರೆಕ್ಕೆ, ಕೆಳಗೆ ಹುಲ್ಲು ಕಲ್ಲು ಏನಿದ್ದರೂ ಉರುಳುವ ದಪ್ಪ ಚಕ್ರ. ಚಂದ ಅಂತೂ ಇರಲಿಲ್ಲ. ಚಂದ್ರಣ್ಣನ ಹೆಂಡತಿ ವಿಮಲಕ್ಕ ಅದನ್ನು ಮೊದಲ ದಿನವೇ “ಗಬ್ಬದ ಎಮ್ಮೆ” ಎಂದು ಕರೆದಿದ್ದರು. ಆ ಹೆಸರೇ ನಿಂತಿತು. ಚಂದ್ರಣ್ಣನೂ ಎಮ್ಮೆ ಎಂದೇ ಹೇಳುತ್ತಿದ್ದರು — “ಎಮ್ಮೆಗೆ ಇವತ್ತು ಬಾಲ ಕೂರಿಸ್ದೆ”, “ಎಮ್ಮೆಗೆ ಎಂಜಿನ್ ಬಂತು” — ಹೀಗೆ.

ಅವರು ನನ್ನ ಅಂಗಡಿಗೆ ಬಂದದ್ದು ರೆಕ್ಕೆಯ ಬಟ್ಟೆಗಾಗಿ. ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸುತ್ತಾರೆ ಎಂದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು, ಒಳಗೆ ಲಂಗವೂ ಬೇಕಾ ಎಂದು ಕೇಳಿದ್ದೆ. ಅವರು ನಗಲಿಲ್ಲ. ಒಂದು ತುಂಡು ಬಟ್ಟೆಯನ್ನು ಮರದ ಚೌಕಟ್ಟಿಗೆ ಅಂಟಿಸಿ, ನನ್ನದೇ ಇಸ್ತ್ರಿಪೆಟ್ಟಿಗೆ ಕೇಳಿ ಪಡೆದು, ಮೆಲ್ಲಗೆ ಆಡಿಸಿದರು. ಸಡಿಲವಾಗಿದ್ದ ಬಟ್ಟೆ ಬಿಸಿಗೆ ಕುಗ್ಗಿ ಚೌಕಟ್ಟಿನ ಮೇಲೆ ಬಿಗಿದುಕೊಂಡಿತು. ಬೆರಳಲ್ಲಿ ಹೊಡೆದರೆ ಚಂಡೆಯ ಸದ್ದು. ಅವತ್ತು ಹುಡ್ಡಿನ ಕೆಲಸ ಬಿಟ್ಟು ಸಂಜೆಯವರೆಗೆ ಆ ಚೌಕಟ್ಟನ್ನೇ ಹೊಡೆಯುತ್ತ ಕೂತಿದ್ದೆ.

ಆಮೇಲಿನ ಏಳೆಂಟು ತಿಂಗಳು — ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಅವೇ. ಇದನ್ನು ಹೇಳದೆ ಮುಂದೆ ಹೋದರೆ ಇನ್ನೊಂದು ಸುಳ್ಳು ಹೇಳಿದ ಹಾಗೆ. ಅಪ್ಪ ನನಗೆ ಕೈಕೆಲಸ ಕಲಿಸಿದ್ದರು, ಕಾರಣ ಕಲಿಸಿರಲಿಲ್ಲ. ಹೀಗೆ ಮಾಡು ಎಂದರೆ ಹೀಗೆ ಮಾಡಬೇಕು, ಅಷ್ಟೆ. ಚಂದ್ರಣ್ಣ ಕಾರಣ ಹೇಳುತ್ತಿದ್ದರು. ನಕ್ಷೆ ಓದುವುದನ್ನು ಕಲಿಸಿದರು. ಅಳೆದದ್ದನ್ನು ಬರೆದಿಡುವುದನ್ನು ಕಲಿಸಿದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು, ಗಾಳಿ ರೆಕ್ಕೆಯನ್ನು ಕೆಳಗಿನಿಂದ ಎತ್ತುವುದಕ್ಕಿಂತ ಮೇಲಿನಿಂದ ಹೀರಿ ಎಳೆಯುವುದೇ ಹೆಚ್ಚು ಎಂಬುದನ್ನು ವಿಮಲಕ್ಕನ ಅಡುಗೆಮನೆಯಲ್ಲಿ ಕಡುಬು ತಿನ್ನುತ್ತ ಅರ್ಥ ಮಾಡಿಕೊಂಡೆ. ಒಬ್ಬ ಮನುಷ್ಯ ನನ್ನನ್ನು ಬುದ್ಧಿಯಿರುವವಳು ಎಂದು ತಿಳಿದು ಮಾತಾಡಿದ್ದು ಅದೇ ಮೊದಲು. ಆ ಋಣವನ್ನು ನಾನು ಹೇಗೆ ತೀರಿಸಿದೆ ಎಂದರೆ...

ಹೊಲಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ರೆಕ್ಕೆಯೊಳಗೆ ಮೀನಿನ ಮುಳ್ಳಿನ ಹಾಗೆ ಸಾಲಾಗಿ ಮರದ ಪಟ್ಟಿಗಳಿರುತ್ತವೆ. ಚಂದ್ರಣ್ಣ ಅವಕ್ಕೆ ಪಕ್ಕೆಲುಬು ಎನ್ನುತ್ತಿದ್ದರು. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡನ್ನೂ ಸೇರಿಸಿ, ಮೊಳದುದ್ದದ ಸೂಜಿಯಲ್ಲಿ ಮೇಣದ ದಾರ ಹಾಕಿ, ಪ್ರತಿ ಪಕ್ಕೆಲುಬನ್ನೂ ಸುತ್ತಿ ಹೊಲಿಯಬೇಕು. ಮೂರು ಬೆರಳಿಗೊಂದು ಹೊಲಿಗೆ, ಒಂದೊಂದು ಹೊಲಿಗೆಗೂ ಒಂದು ಗಂಟು. ಒಂದು ಕಡೆ ದಾರ ಹರಿದರೂ ಪಕ್ಕದ ಗಂಟು ಹಿಡಿದುಕೊಳ್ಳುತ್ತದೆ, ಉಳಿದದ್ದು ಬಿಚ್ಚುವುದಿಲ್ಲ. ಇದು ಅವರ ಕಡೆಯ ಶಾಸ್ತ್ರ.

ನಮ್ಮ ಹುಡ್ಡಿನ ಶಾಸ್ತ್ರ ಇದಕ್ಕೆ ಪೂರಾ ಉಲ್ಟಾ. ನಡುವೆ ಗಂಟು ಹಾಕುವಂತಿಲ್ಲ. ಗಂಟು ಹಾಕಿದಲ್ಲಿ ದಾರ ದಪ್ಪವಾಗುತ್ತದೆ, ತೂತು ಅಗಲವಾಗುತ್ತದೆ, ಅಲ್ಲಿಂದ ನೀರು ಒಳಗಿಳಿಯುತ್ತದೆ. ಈ ಸೀಮೆಯ ಮಳೆಗೆ ಒಂದು ಗಂಟು ಸಾಕು, ಡ್ರೈವರನ ಬೆನ್ನು ನೆನೆಯಲು. ಆದ್ದರಿಂದ ಒಂದೇ ಎಳೆಯಲ್ಲಿ ಉದ್ದಕ್ಕೂ ಹೊಲಿದುಕೊಂಡು ಹೋಗಿ, ಕೊನೆಯಲ್ಲಿ ಮಂಡಿಯೊತ್ತಿ ಬಿಗಿದು, ಅಲ್ಲೊಂದೇ ಗಂಟು. ನಡುವೆ ಗಂಟು ಕಂಡರೆ ಅಪ್ಪ ಇಡೀ ಹೊಲಿಗೆ ಬಿಚ್ಚಿಸುತ್ತಿದ್ದರು. ಗಂಟು ಹಾಕುವುದು ಎಂದರೆ ಕೈಲಾಗದವರ ಕೆಲಸ ಎಂದು ನನ್ನ ಬೆರಳುಗಳಿಗೇ ಗೊತ್ತಿತ್ತು.

ಬಲ ರೆಕ್ಕೆಯನ್ನು ಚಂದ್ರಣ್ಣ ಎದುರಿಗೆ ಕೂತು ಹೊಲಿಸಿದರು. ಗಂಟು ಗಂಟಿಗೂ ನಾನು ಗೊಣಗಿದೆ. “ನಿಮ್ಮ ಎಮ್ಮೆಗೆ ಮೈತುಂಬಾ ಉಣ್ಣಿ ಕಚ್ಚಿದ ಹಾಗೆ ಕಾಣ್ತದೆ,” ಎಂದೆ. “ಕಾಣಲಿ ಮಾರಾಯ್ತಿ, ನೀನು ಹಾಕು,” ಎಂದರು. ಎಡ ರೆಕ್ಕೆ ಅರ್ಧ ಮುಗಿಯುವಷ್ಟರಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತ್ತು.

ಎಮ್ಮೆ ಹಾರಬೇಕಾದದ್ದು ಹಿನ್ನೀರಿನ ಬಯಲಲ್ಲಿ. ಬೇಸಗೆಯಲ್ಲಿ ಭದ್ರೆಯ ನೀರು ಹಿಂದೆ ಸರಿದಾಗ ಮೈಲಿಗಟ್ಟಲೆ ಹಸಿರು ಹುಲ್ಲಿನ ನೆಲ ತೆರೆದುಕೊಳ್ಳುತ್ತದೆ. ಮರವಿಲ್ಲ, ತಂತಿಯಿಲ್ಲ, ಚಪ್ಪಟೆ ನೆಲ. ಜೂನಿನಲ್ಲಿ ಮಳೆ ಹಿಡಿದರೆ ಅದು ಮತ್ತೆ ನೀರಿನಡಿಗೆ ಹೋಗುತ್ತದೆ. ಆಮೇಲೆ ಒಂದು ವರ್ಷ ಕಾಯಬೇಕು. ಪರೀಕ್ಷೆಯ ಅನುಮತಿಯ ಕಾಗದಕ್ಕೆಂದೇ ಅವರು ವರ್ಷಗಟ್ಟಲೆ ಓಡಾಡಿದ್ದರು. ಹಾಗಾಗಿ ಅವರಿಗೆ ಆತುರ. ಅದೇ ಮಳೆ ನನಗೂ ಗಡುವು. ಮೇ ಕೊನೆಯ ವಾರ ಎಂದರೆ ಇಡೀ ವರ್ಷ ಮಲಗಿದ್ದ ಜೀಪಿನವರೆಲ್ಲ ಒಟ್ಟಿಗೆ ಎದ್ದು ಬರುವ ಕಾಲ. ಕಮ್ಮರಡಿಯಿಂದ ಎರಡು ಜೀಪು, ಮೆಣಸೆಯಿಂದ ಒಂದು, ಹೊಲಿಗೆಗೆಂದು ಅಂಗಡಿಯ ಮುಂದೆ ಮಂಡೆ ಬೋಳಾಗಿ ನಿಂತಿದ್ದವು. ಮೆಣಸೆಯವನು ದಿನಕ್ಕೆ ನಾಲ್ಕು ಸಲ ಫೋನು.

ಆ ವಾರ ಚಂದ್ರಣ್ಣ ಯಾವುದೋ ಬಿಡಿಭಾಗಕ್ಕೆ ಶಿವಮೊಗ್ಗಕ್ಕೆ ಹೋದರು. ಎಡ ರೆಕ್ಕೆಯ ತುದಿಯ ಏಳು ಪಕ್ಕೆಲುಬು ಬಾಕಿ ಇತ್ತು. ಶೆಡ್ಡಿನಲ್ಲಿ ನಾನೊಬ್ಬಳೇ. ಗಂಟು ಹಾಕಿ ಹೊಲಿದರೆ ಎರಡು ದಿನದ ಕೆಲಸ. ನಮ್ಮ ಹಾಗೆ ಒಂದೇ ಎಳೆಯಲ್ಲಿ ಎಳೆದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಆತುರಕ್ಕೆ ಮಾಡಿದೆ ಎಂದರೆ ಅರ್ಧ ಸತ್ಯ. ಸೊಕ್ಕೂ ಇತ್ತು. ಇಪ್ಪತ್ತು ವರ್ಷ ಈ ಮಳೆಯನ್ನು ತಡೆದ ಹೊಲಿಗೆ ನಮ್ಮದು, ಪುಸ್ತಕದ ಹೊಲಿಗೆಗಿಂತ ಯಾವುದರಲ್ಲಿ ಕಡಿಮೆ ಎನ್ನುವ ಸೊಕ್ಕು. ಎಳೆದೆ. ಮಂಡಿಯೊತ್ತಿ ಬಿಗಿದೆ. ಎಷ್ಟು ನೀಟಾಗಿ ಬಂದಿತ್ತೆಂದರೆ, ಒಂದು ಕ್ಷಣ ದೂರ ನಿಂತು ನೋಡಿ ಖುಷಿಪಟ್ಟೆ. ಆಮೇಲೆ ಹೊಲಿಗೆಯ ಮೇಲೆ ಅಂಟಿಸುವ ಟೇಪು ಅಂಟಿಸಿ, ಮೇಲೊಂದು ಕೋಟು ಬಣ್ಣ ಬಳಿದೆ. ಇನ್ನು ಕೆಳಗೆ ಏನಿದೆ ಎಂದು ದೇವರಿಗೂ ಕಾಣುವಂತಿರಲಿಲ್ಲ.

ಮರುದಿನ ಚಂದ್ರಣ್ಣ ಬಂದರು. ಬ್ಯಾಗು ಕೆಳಗಿಡುವ ಮೊದಲೇ ರೆಕ್ಕೆಯ ಮೇಲೆ ಕೈಯಾಡಿಸಿದರು.

“ಎಲ್ಲದಕ್ಕೂ ಗಂಟು ಹಾಕಿದ್ಯಲ್ಲ ಮಾರಾಯ್ತಿ?”

“ಹಾಕಿದೀನಿ ಚಂದ್ರಣ್ಣ.”

ಅಷ್ಟೇ. ಅವರು ಟೇಪು ಎತ್ತಿ ನೋಡಲಿಲ್ಲ. ಗಿರಿಜಾ ಹಾಕಿದ್ದೇನೆ ಎಂದರೆ ಹಾಕಿದ್ದಾಳೆ. ಆಗ ಹೇಳಿದ್ದರೂ ಆಗುತ್ತಿತ್ತು — ಬೈದು, ಟೇಪು ಕಿತ್ತು, ಎರಡು ದಿನದಲ್ಲಿ ಇಬ್ಬರೂ ಕೂತು ಸರಿ ಮಾಡುತ್ತಿದ್ದೆವು. ಎರಡು ದಿನ. ಹಾರಿಸಿದ ಮೇಲೂ ಒಂದು ವಾರ ಮಳೆ ಬರಲಿಲ್ಲ. ಅದನ್ನು ನೆನೆದಾಗಲೆಲ್ಲ...

ಹಾರಿಸಿದ ದಿನ ಬೆಳಿಗ್ಗೆ ಬಯಲಿನ ಅಂಚಿನಲ್ಲಿ ಜಾತ್ರೆಯಷ್ಟು ಜನವೇನೂ ಇರಲಿಲ್ಲ. ಚಂದ್ರಣ್ಣ ಹೇಳಬೇಡಿ ಎಂದಿದ್ದರು. ದನ ಬಿಡಲು ಬಂದವರು, ಮೀನು ಹಿಡಿಯುವವರು, ನಾನು, ವಿಮಲಕ್ಕ, ಎಮ್ಮೆಯನ್ನು ಬಯಲಿಗೆ ಎಳೆದು ತಂದ ಟ್ರ್ಯಾಕ್ಟರಿನವರು. ರಜೆಯಲ್ಲಿ ಹೋಗಿ ಹೋಗಿ ಸಣ್ಣ ವಿಮಾನ ಹಾರಿಸುವುದನ್ನು ಕಲಿತಿದ್ದ ಚಂದ್ರಣ್ಣ ಒಬ್ಬರೇ ಹತ್ತಿದರು. ಮೊದಲು ಖಾಲಿ ಎಮ್ಮೆ. ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು, ಓಡುತ್ತ ಓಡುತ್ತ ನೆಲ ಬಿಟ್ಟಿತು. ತೆಂಗಿನ ಮರದಷ್ಟು ಎತ್ತರದಲ್ಲಿ ಬಯಲಿನ ಆ ತುದಿಗೆ ಹೋಗಿ, ತಿರುಗಿ ಬಂದು, ಇಳಿಯಿತು. ವಿಮಲಕ್ಕ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನು ಶಿಳ್ಳೆ ಹಾಕಿದೆ. ಹೌದು, ಹಾಕಿದೆ.

ಮುಂದಿನದು ಸಾಮಾನು ತುಂಬಿ. ಹಿಂಬಾಗಿಲು ತೆರೆದು ಮಂಚವನ್ನು ಇಡಿಯಾಗಿ ಒಳಗೆ ತಳ್ಳಿದರು. ಅದರ ಮೇಲೆ, ಸುತ್ತ, ಶಾಮಿಯಾನದ ಅಂಗಡಿಯಿಂದ ತಂದ ಹನ್ನೆರಡು ಹತ್ತಿಯ ಹಾಸಿಗೆ. ಯಾವುದನ್ನೂ ಮಡಚಲಿಲ್ಲ, ಕೊಯ್ಯಲಿಲ್ಲ. ಬಾಗಿಲು ಹಾಕಿಕೊಂಡಿತು. ಚಂದ್ರಣ್ಣನ ಮುಖವನ್ನು ಆಗ ನೋಡಬೇಕಿತ್ತು — ಮಗಳ ಮದುವೆ ಮುಗಿಸಿದವರ ಮುಖ.

ಎರಡನೇ ಸಲವೂ ಎದ್ದಿತು. ಸ್ವಲ್ಪ ಭಾರವಾಗಿ, ಮೂಗೆತ್ತಿಕೊಂಡು, ಆದರೂ ಎದ್ದಿತು. ನಮ್ಮ ಮುಂದೆ ದಾಟುವಾಗ ನನ್ನ ಕಣ್ಣು ಎಡ ರೆಕ್ಕೆಯ ತುದಿಯ ಮೇಲಿತ್ತು. ಅಲ್ಲಿ ಬಟ್ಟೆ ಉಬ್ಬಿತು. ಕೆಂಡದ ಮೇಲಿನ ಉಬ್ಬುರೊಟ್ಟಿಯ ಹಾಗೆ, ಮೊದಲು ಒಂದು ಕಡೆ, ಆಮೇಲೆ ಅದರ ಪಕ್ಕ, ಆಮೇಲೆ ಅದರ ಪಕ್ಕ. ಬೇರೆ ಯಾರೂ ನೋಡಲಿಲ್ಲ, ನೋಡಿದ್ದರೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು. ಎಡ ರೆಕ್ಕೆ ಕೆಳಗೆ ಬಾಗಿತು. ಚಂದ್ರಣ್ಣ ನೇರ ಮಾಡಲು ನೋಡಿದರು, ಒಮ್ಮೆ ನೇರವೂ ಆಯಿತು. ಆಮೇಲೆ ಮತ್ತೆ ಬಾಗಿ, ನೀರಿನಂಚಿನ ಕೆಸರಿಗೆ ರೆಕ್ಕೆ ತಾಗಿ, ಎಮ್ಮೆ ಮೂಗೂರಿ ಬಿತ್ತು.

ಓಡಿದೆವು. ಕೆಸರಿನ ತುಂಬ ಹತ್ತಿ ಹರಡಿಕೊಂಡಿತ್ತು. ಟ್ರ್ಯಾಕ್ಟರಿನವರು ಚಂದ್ರಣ್ಣನನ್ನು ಎಳೆದು ತೆಗೆದರು. ಜೀವವಿತ್ತು. ಎಡಗಾಲು ಮಂಡಿಯ ಕೆಳಗೆ ಮುರಿದಿತ್ತು, ಹೆಗಲ ಮೂಳೆಯೂ. ಪ್ರಜ್ಞೆ ತಪ್ಪುವ ಮೊದಲು ಅವರು ಹೇಳಿದ್ದು ನನಗೆ ಕೇಳಿಸಿತು: “ಹೊಟ್ಟೆ ಜಾಸ್ತಿ ಆಯ್ತು.” ಅವರನ್ನು ಜೀಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಡಿಸಿದರು. ವಿಮಲಕ್ಕ ಜೊತೆಗೆ ಹೋದರು. ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದರೆ, ರೆಕ್ಕೆಯ ಹತ್ತಿರ ಹೋಗಬೇಕಿತ್ತು.

ಟೇಪು ಕಿತ್ತುಬಂದು, ಏಳೂ ಪಕ್ಕೆಲುಬಿನ ಉದ್ದಕ್ಕೆ ದಾರ ಜೋತಾಡುತ್ತಿತ್ತು. ಅಕ್ಕಿ ಮೂಟೆಯ ಬಾಯಿಯ ಹೊಲಿಗೆಯನ್ನು ಒಂದು ಕಡೆ ಎಳೆದರೆ ಸರ್ರೆಂದು ಪೂರಾ ಬರುತ್ತದಲ್ಲ, ಹಾಗೆ. ಉಳಿದ ಪಕ್ಕೆಲುಬುಗಳ ಮೇಲೆ, ಅಷ್ಟು ಜೋರಾಗಿ ನೆಲಕ್ಕೆ ಬಡಿದ ಮೇಲೂ, ಬಟ್ಟೆ ಗಂಟುಗಳಲ್ಲಿ ಹಿಡಿದುಕೊಂಡೇ ಇತ್ತು. ಶಾಲೆಯ ಮಕ್ಕಳಿಗೂ ಅರ್ಥವಾಗುವಂತೆ ಎಲ್ಲವೂ ಅಲ್ಲಿತ್ತು. ನಾನು ಚೀಲದಿಂದ ಕತ್ತರಿ ತೆಗೆದೆ. ಟ್ರೇಲರಿಗೆ ಹಾಕಲು ಸುಲಭವಾಗಲಿ, ಬಟ್ಟೆ ಬಿಡಿಸಿಕೊಡುತ್ತೇನೆ ಎಂದು ಟ್ರ್ಯಾಕ್ಟರಿನವರಿಗೆ ಹೇಳಿದೆ. ಎಡ ರೆಕ್ಕೆಯ ಬಟ್ಟೆಯನ್ನು ಪೂರಾ ಕತ್ತರಿಸಿದೆ. ದಾರಗಳನ್ನು ಒಂದೊಂದಾಗಿ ಎಳೆದು ಉಂಡೆ ಮಾಡಿ ಚೀಲಕ್ಕೆ ಹಾಕಿಕೊಂಡೆ. ಪಾಪ, ಗಿರಿಜಕ್ಕ ಎಷ್ಟು ಸಹಾಯ ಮಾಡ್ತಾರೆ ಎಂದು ಅವರಲ್ಲೊಬ್ಬರು ಹೇಳಿದರು.

ಹೊಲಿಗೆಯನ್ನು ಕೈ ಮಾಡಿತ್ತು, ಬೆರಳಿನ ಅಭ್ಯಾಸ ಎಂದಾದರೂ ಸಮಾಧಾನ ಹೇಳಿಕೊಳ್ಳಬಹುದು. ಕತ್ತರಿಯನ್ನು ನಾನೇ ತೆಗೆದದ್ದು.

ಎಂಟು ದಿನಕ್ಕೆ ಮಳೆ ಹಿಡಿಯಿತು, ಬಯಲು ಮುಳುಗಿತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಚಂದ್ರಣ್ಣ ಮೊದಲು ಆಡಿದ ಮಾತು ಇದು: “ನಿನ್ನ ಹೊಲಿಗೆ ಗಟ್ಟಿ ಇದ್ದಿದ್ದಕ್ಕೆ ಅಷ್ಟಾದ್ರೂ ಹಾರ್ತು ಗಿರಿಜಾ. ನನ್ನ ಹೊಟ್ಟೆನೇ ಕೆಡಿಸ್ತು.” ಭಾರ ಹೊತ್ತು ಮೂಗೆತ್ತಿದಾಗ ಅಗಲವಾದ ಹೊಟ್ಟೆ ಗಾಳಿಯನ್ನು ಕೆಡಿಸಿ ರೆಕ್ಕೆಯನ್ನು ಬೀಳಿಸಿತು ಎಂದು ಅವರ ತರ್ಕ. ಮಲಗಿದಲ್ಲೇ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದರು. ನಾನು ತಲೆಯಾಡಿಸಿದೆ. ಕಿತ್ತಳೆ ಸುಲಿದು ಕೊಟ್ಟೆ.

ಆಮೇಲಿನ ವರ್ಷಗಳಲ್ಲಿ ಆ ಮನೆಯಿಂದ ನನಗೆ ಬಂದದ್ದನ್ನು ಹೇಳಲು ಹೊರಟರೆ ಮುಗಿಯುವುದಿಲ್ಲ. ರೆಕ್ಕೆಗೆಂದು ತರಿಸಿದ್ದ ದೊಡ್ಡ ಹೊಲಿಗೆ ಯಂತ್ರವನ್ನು ನನಗೇ ಕೊಟ್ಟುಬಿಟ್ಟರು; ಇವತ್ತಿಗೂ ನನ್ನ ಅಂಗಡಿ ನಡೆಯುವುದು ಅದರ ಮೇಲೆ. ಅವರು ಕಲಿಸಿದ ನಕ್ಷೆ, ಅಳತೆಯಿಂದಾಗಿ ಶೃಂಗೇರಿ ಕಡೆಯಿಂದಲೂ ದೊಡ್ಡ ದೊಡ್ಡ ಕೆಲಸ ಬಂತು. ನನಗೆ ಟೈಫಾಯ್ಡ್ ಆಗಿ ಮಲಗಿದಾಗ ವಿಮಲಕ್ಕ ದಿನಾ ಬಸ್ಸಿನಲ್ಲಿ ಗಂಜಿ ತಂದು ಕುಡಿಸಿದರು. ಕುಂಟುತ್ತ ಅಂಗಡಿಗೆ ಬರುತ್ತಿದ್ದ ಚಂದ್ರಣ್ಣ, ಎದುರಿಗೆ ಸಿಕ್ಕವರಿಗೆಲ್ಲ, ಎಮ್ಮೆಯ ರೆಕ್ಕೆ ಹೊಲಿದವಳು ಇವಳೇ ಎಂದು ಹೆಮ್ಮೆಯಿಂದ ಪರಿಚಯಿಸುತ್ತಿದ್ದರು. ನಾನು ಕೃತಜ್ಞಳಾಗಿದ್ದೆ. ಸುಳ್ಳಲ್ಲ ಅದು. ಆದರೆ ಪ್ರತಿ ಸಲ ಕೃತಜ್ಞತೆ ಎದೆಯಲ್ಲಿ ಮೇಲೆದ್ದಾಗಲೂ ಅದರ ಹಿಂದೆಯೇ ಆ ದಾರದ ಉಂಡೆಯೂ — ಎಷ್ಟು ಉಪಕಾರವಾಯಿತೋ ಅಷ್ಟು ಬಾಯಿ ಬಿಡುವುದು ಕಷ್ಟವಾಯಿತು.

ಕಳೆದ ತಿಂಗಳು ಅವರು ಬಂದಾಗ ಕೈಯಲ್ಲಿ ನಕ್ಷೆಯ ಸುರುಳಿಯಿತ್ತು. ಆವತ್ತು ದಡದಲ್ಲಿ ಯಾರೋ ಫೋನಿನಲ್ಲಿ ತೆಗೆದಿದ್ದ ಖಾಲಿ ಎಮ್ಮೆಯ ಹಾರಾಟ ಎಲ್ಲೆಲ್ಲೋ ಸುತ್ತಿ, ಆ ಹಿಮದ ಗುಡ್ಡಗಳ ಕಡೆಯ ಕೆಲವರ ಕಣ್ಣಿಗೆ ಬಿದ್ದಿತ್ತಂತೆ. ನಮ್ಮ ಊರುಗಳಿಗೆ ಇಂಥದ್ದೇ ಬೇಕು, ನಕ್ಷೆ ಕೊಡಿ, ನಾವು ಕಟ್ಟಿಕೊಳ್ಳುತ್ತೇವೆ ಎಂದು ಬರೆದಿದ್ದರು. ಅರವತ್ತು ದಾಟಿದ ಚಂದ್ರಣ್ಣನ ಮುಖದಲ್ಲಿ ಮತ್ತೆ ಆ ಹಳೆಯ ಕಳೆ. ತಾವೂ ಇಲ್ಲಿ ಇನ್ನೊಂದನ್ನು ಕಟ್ಟಿ ನೋಡಿಯೇ ಕೊಡುವುದು ಎಂದರು. ರೆಕ್ಕೆ ನೀನೇ ಹೊಲಿಯಬೇಕು ಎಂದರು. ನನ್ನ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿದರು.

ಹೊಟ್ಟೆ ಇರಲಿಲ್ಲ. ಸಪೂರ, ಚಂದದ ವಿಮಾನ. ಬಾಗಿಲು ಮೊದಲಿನ ಅರ್ಧ.

“ಮಂಚ ಹೋಗೋದಿಲ್ಲ ಚಂದ್ರಣ್ಣ,” ಎಂದೆ.

“ಎಂತ ಮಾಡೋದು ಮಾರಾಯ್ತಿ. ಅಗಲ ಮಾಡಿದ್ರೆ ಬೀಳ್ತದಲ್ಲ. ನನ್ನ ಕಾಲು ಹೋದ್ರೆ ಹೋಯ್ತು, ಇನ್ನೊಬ್ಬರ ಜೀವದ ಮೇಲೆ ಹುಡುಗಾಟ ಬೇಡ. ಅಕ್ಕಿ ಹೋಗ್ತದೆ, ಔಷಧಿ ಹೋಗ್ತದೆ. ಮಂಚ ಬಿಡು.”

ಮಂಚ ಬಿಡು ಎಂದದ್ದು ಎಷ್ಟು ಹಗುರವಾಗಿತ್ತೋ ಅಷ್ಟೇ... ಅವರು ನಕ್ಷೆ ಸುತ್ತಿಕೊಂಡು ಬಸ್ಸಿಗೆ ಹೋದ ಮೇಲೆ ನಾನು ಯಂತ್ರದ ಮುಂದೆ ಕೂತೆ. ಕಾಲು ಆಡಲಿಲ್ಲ. ಅವರ ಕಾಲನ್ನು ನಾನು ತಿಂದೆ, ಹನ್ನೊಂದು ವರ್ಷ ತಿಂದೆ. ಈಗ ಎಂದೂ ನೋಡದ ಊರಿನಲ್ಲಿ ಬೆನ್ನು ಮುರಿದುಕೊಂಡು ಮಲಗುವ ಯಾರದೋ ಬಾಗಿಲನ್ನೂ ಮುಚ್ಚುತ್ತಿದ್ದೇನೆ. ಆ ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಮುತ್ತಿನಕೊಪ್ಪಕ್ಕೆ ಹೋದೆ.

ಜಗುಲಿಯಲ್ಲಿ ಇಬ್ಬರೂ ಇದ್ದರು. ವಿಮಲಕ್ಕ ಬಸಳೆ ಸೋಸುತ್ತಿದ್ದರು. ಕೂರದೆ, ನೀರೂ ಕುಡಿಯದೆ ಹೇಳಿದೆ. ಏಳು ಪಕ್ಕೆಲುಬು, ಗಂಟಿಲ್ಲದ ಹೊಲಿಗೆ, ಉಬ್ಬಿದ ಬಟ್ಟೆ, ಕತ್ತರಿ, ದಾರದ ಉಂಡೆ — ಎಲ್ಲ. ನಡುವೆ ನಿಲ್ಲಿಸಿದ್ದರೆ ಮತ್ತೆ ಶುರುವಾಗುತ್ತಿರಲಿಲ್ಲ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಚಂದ್ರಣ್ಣ ತಲೆಯೆತ್ತಿ ಕೇಳಿದ್ದು:

“ಹಂಗಾದ್ರೆ ಹೊಟ್ಟೆ ಸರಿ ಇತ್ತಾ?”

“ಸರಿ ಇತ್ತು ಚಂದ್ರಣ್ಣ.”

“ಹೊಟ್ಟೆ ಸರಿ ಇತ್ತಾ?” ಮತ್ತೆ ಕೇಳಿದರು. ನಕ್ಕರು, ನಗುತ್ತಲೇ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ವಿಮಲಾ, ಎಮ್ಮೆ ಸರಿ ಇತ್ತಂತೆ ಕಣೇ ಎಂದರು. ಮುರಿದ ಕಾಲಿನ ನೆನಪು ಅವರಿಗೆ ಬರಲೇ ಇಲ್ಲ. ಆ ಸಂತೋಷವನ್ನು ನೋಡುತ್ತ ನಿಲ್ಲುವುದಿದೆಯಲ್ಲ — ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಈ ಒಂದು ಮಾತನ್ನು ಅವರಿಗೆ ಯಾವತ್ತೋ ಕೊಡಬಹುದಿತ್ತು.

ಸಿಟ್ಟು ಬಂದದ್ದು ವಿಮಲಕ್ಕನಿಗೆ. “ಇವರು ಊಟದ ಮುಂದೆ ಕೂತು ಅನ್ನ ಬಿಟ್ಟು ತಟ್ಟೆ ಮೇಲೆ ಗೆರೆ ಎಳೀತಿದ್ರು, ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ನೀನು ಪಕ್ಕದಲ್ಲೇ ಕೂತು ನನ್ನ ಕಡುಬು ತಿಂತಿದ್ದೆ.” ಬಸಳೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಬರಬೇಕಾಗಿಯೂ ಇಲ್ಲ.

ಚಂದ್ರಣ್ಣನ ನಗು ಇಳಿದ ಮೇಲೆ ಅವರೂ ನನ್ನನ್ನು ಬೇರೆ ಥರ ನೋಡಿದರು. ಪರಿಚಯವಿಲ್ಲದವರನ್ನು ನೋಡುವ ಹಾಗೆ.

“ರೆಕ್ಕೆ ನಿನ್ನ ಕೈಲಿ ಹೊಲಿಸೋದಿಲ್ಲ ಗಿರಿಜಾ.”

“ಬೇಡ ಚಂದ್ರಣ್ಣ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಅದಕ್ಕೂ ನಾನು ಅವರಿಗೆ ಋಣಿ. ಕ್ಷಮಿಸಿದ್ದರೆ ಅದನ್ನೂ ಕಡುಬಿನ ಹಾಗೆ ತಿಂದು ಎದ್ದು ಬರುತ್ತಿದ್ದೆನೇನೋ. ನನ್ನನ್ನು ಬುದ್ಧಿಯಿರುವವಳು ಎಂದು ತಿಳಿದು ಮಾತಾಡಿದವರು, ಅವತ್ತೂ ಹಾಗೆಯೇ ಮಾತಾಡಿದರು. ಪಕ್ಕೆಲುಬಿನ ಅಳತೆ, ದಾರ ಯಾವುದು, ಮೊದಲು ಉಬ್ಬಿದ್ದು ಎಷ್ಟನೆಯದು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಗುಡ್ಡದವರಿಗೆ ಹಳೆಯ ನಕ್ಷೆಯನ್ನೇ, ಅಗಲ ಹೊಟ್ಟೆಯದನ್ನೇ ಕಳಿಸುವುದು, ಜೊತೆಗೆ ಅದು ಯಾಕೆ ಬಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಡುವುದು ಎಂದರು. ಅಲ್ಲೇ ಕೂತು ಬರೆದು ನನ್ನ ಕೈಗೆ ಕೊಟ್ಟರು. ಎಡ ರೆಕ್ಕೆಯ ತುದಿಯ ಏಳು ಪಕ್ಕೆಲುಬುಗಳ ಹೊಲಿಗೆಗೆ ಗಂಟು ಹಾಕಿರಲಿಲ್ಲ, ಆದ್ದರಿಂದ ಬಟ್ಟೆ ಬಿಟ್ಟುಕೊಂಡಿತು ಎಂದಿತ್ತು.

“ಯಾರು ಅಂತ ಬರ್ದಿಲ್ಲ,” ಎಂದೆ.

“ಅವರಿಗೆ ಹೆಸರು ಎಂತಕ್ಕೆ? ಹೊಲಿಗೆ ವಿಷಯ ಗೊತ್ತಾದ್ರೆ ಸಾಕು.”

“ಬರೀರಿ ಚಂದ್ರಣ್ಣ. ಹೆಸರೂ ಬರೀರಿ. ನೀವು ಕೇಳಿದ್ರಿ, ನಾನು ಹಾಕಿದೀನಿ ಅಂತ ಸುಳ್ಳು ಹೇಳ್ದೆ, ಅದನ್ನೂ ಬರೀರಿ. ಅವರೂ ಹೊಲಿದವರನ್ನ ಕೇಳ್ತಾರಲ್ಲ. ಕೇಳಿ ಸುಮ್ಮನಾದ್ರೆ ಆಗೋದಿಲ್ಲ, ಟೇಪು ಅಂಟಿಸೋ ಮೊದಲು ಬೆರಳಿಟ್ಟು ನೋಡ್ಬೇಕು.”

ಅವರು ನನ್ನ ಮುಖವನ್ನೊಮ್ಮೆ ನೋಡಿ, ಹಾಳೆ ವಾಪಸು ತೆಗೆದುಕೊಂಡರು. ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿ, ಸರಿಯಾಗಿದೆ ಅಲ್ದಾ ಎಂದು ಕೇಳಿದರು.

ಸರಿಯಾಗಿದೆ ಎಂದೆ.